ಕ್ಯಾಲಿಫೋರ್ನಿಯಾ: ರೀಮಾಡೆಲಿಂಗ್ ಕಾಂಟ್ರಾಕ್ಟರ್‌ಗೆ ಮುಂಗಡ ಕೊಡುವ ಮೊದಲು ಏನೇನು ನೋಡಬೇಕು?

ಫ್ರೀಮಾಂಟ್_ಮನೆ
ನಮ್ಮ ಅಡುಗೆಮನೆ, ಒಂದು ಬಾತ್‌ರೂಮ್ ಎರಡನ್ನೂ ಒಡೆದು ಹೊಸದಾಗಿ ಮಾಡಿಸಬೇಕು. ಒಬ್ಬರು 62,000 ಡಾಲರ್‌ಗೆ ಒಪ್ಪಿದ್ದಾರೆ, ಗೆಳೆಯರ ಮನೆಯಲ್ಲಿ ಅವರು ಮಾಡಿದ ಕೆಲಸವೂ ಚೆನ್ನಾಗಿದೆ. ಲೈಸೆನ್ಸ್ ನಂಬರನ್ನು ಸಿಎಸ್‌ಎಲ್‌ಬಿ (ಕಾಂಟ್ರಾಕ್ಟರ್‌ಗಳಿಗೆ ಲೈಸೆನ್ಸ್ ಕೊಡುವ ರಾಜ್ಯದ ಬೋರ್ಡ್) ಸೈಟಿನಲ್ಲಿ ಹಾಕಿದೆ, ‘ಆಕ್ಟಿವ್’ ಅಂತ ಬಂತು. ಆದರೆ ಅದೇ ಪುಟದಲ್ಲಿ ವರ್ಕರ್ಸ್ ಕಾಂಪೆನ್ಸೇಷನ್ (ಕೆಲಸದಲ್ಲಿ ನೌಕರರಿಗೆ ಪೆಟ್ಟಾದರೆ ಪರಿಹಾರ ಕೊಡುವ ವಿಮೆ) ಎದುರು ‘ಎಕ್ಸೆಂಪ್ಟ್’ ಅಂತಿದೆ. ಅಳತೆಗೆ ಬಂದಾಗ ಜೊತೆಗೆ ಮೂವರು ಕೆಲಸದವರಿದ್ದರು. ಇನ್ಶೂರೆನ್ಸ್ ಕೇಳಿದ್ದಕ್ಕೆ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದ್ದಾರೆ. ಮುಂಗಡ 6,000 ಕೇಳುತ್ತಿದ್ದಾರೆ. ಕೊಡಬಹುದಾ?

ಗಾರೆ_ಕೆಲಸ
ಈಗಲೇ ಕೊಡಬೇಡಿ. ‘ಎಕ್ಸೆಂಪ್ಟ್’ ಅಂದರೆ ನನ್ನ ಹತ್ತಿರ ನೌಕರರೇ ಇಲ್ಲ ಅಂತ ಅವರು ಬೋರ್ಡಿಗೆ ಬರೆದುಕೊಟ್ಟಿದ್ದಾರೆ. ಹಾಗಾದರೆ ಆ ಮೂವರು ಯಾರು? ನಿಮ್ಮ ಮನೆಯಲ್ಲಿ ಏಣಿಯಿಂದ ಬಿದ್ದು ಒಬ್ಬರ ಕಾಲು ಮುರಿದರೆ ಹೊಣೆ ನಿಮ್ಮ ತಲೆಗೆ ಬರಬಹುದು. ಇದನ್ನು ನೇರವಾಗಿ ಕೇಳಿ. ಇನ್ನೊಂದು ವಿಷಯ, ಸೈಟಿನಲ್ಲಿ ಕಾಣುವ 25,000 ಡಾಲರ್ ಬಾಂಡನ್ನು (ಲೈಸೆನ್ಸಿಗಾಗಿ ಕೊಡಬೇಕಾದ ಖಾತರಿ) ಇನ್ಶೂರೆನ್ಸ್ ಅಂದುಕೊಳ್ಳಬೇಡಿ. ಅವರ ಎಲ್ಲ ಗಿರಾಕಿಗಳ ದೂರಿಗೂ ಸೇರಿ ಇರುವುದು ಅದೊಂದೇ.

ಸನ್ನಿವೇಲ್_ಕನ್ನಡತಿ
ಮುಂಗಡದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಮನೆ ರಿಪೇರಿ, ರೀಮಾಡೆಲಿಂಗ್ ಕರಾರುಗಳಲ್ಲಿ ಒಟ್ಟು ಮೊತ್ತದ 10% ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಮ್ಮಿಯೋ ಅಷ್ಟೇ. ನಿಮ್ಮ ಲೆಕ್ಕದಲ್ಲಿ 1,000. 6,000 ಕೇಳಿದ್ದೇ ನನಗೆ ಸರಿ ಕಾಣಲಿಲ್ಲ.

ಆ ಪಿಡಿಎಫ್ ನಂಬಿ ಕೂರಬೇಡಿ. ಪಾಲಿಸಿ ರದ್ದಾದ ಮೇಲೂ ಹಳೆಯ ಪಿಡಿಎಫ್ ಹಾಗೇ ಇರುತ್ತದೆ ಅಲ್ವಾ? ಅದರಲ್ಲಿ ಏಜೆಂಟ್ ಹೆಸರಿರುತ್ತದೆ, ಆದರೆ ಫೋನ್ ನಂಬರನ್ನು ಮಾತ್ರ ಇನ್ಶೂರೆನ್ಸ್ ಕಂಪನಿಯ ಸೈಟಿನಿಂದಲೇ ತೆಗೆದುಕೊಂಡು ಕರೆ ಮಾಡಿ. ಪಾಲಿಸಿ ಇವತ್ತು ಚಾಲ್ತಿಯಲ್ಲಿದೆಯಾ, ಪಾಲಿಸಿಯಲ್ಲಿರುವ ಕಾಂಟ್ರಾಕ್ಟರ್ ಹೆಸರು ಲೈಸೆನ್ಸಿನಲ್ಲಿರುವುದೇನಾ ಅಂತ ಕೇಳಿ, ನಿಮ್ಮ ವಿಳಾಸ ಹಾಕಿದ ಹೊಸ ಸರ್ಟಿಫಿಕೇಟನ್ನು ಏಜೆಂಟೇ ನಿಮಗೆ ಕಳಿಸಲಿ. ಜನರಲ್ ಲಯಬಿಲಿಟಿ ಪಾಲಿಸಿ (ಕೆಲಸದಿಂದ ಬೇರೆಯವರಿಗೆ, ಅವರ ಆಸ್ತಿಗೆ ಆಗುವ ಹಾನಿಯ ವಿಮೆ) ಎಲ್ಲ ಕಾಂಟ್ರಾಕ್ಟರ್‌ಗಳಿಗೂ ಇಲ್ಲಿ ಕಡ್ಡಾಯ ಅಲ್ಲ, ಹಾಗಾಗಿ ಲೈಸೆನ್ಸ್ ಇದೆ ಅಂದಮಾತ್ರಕ್ಕೆ ಅದೂ ಇರುತ್ತದೆ ಅಂತ ಬಿಟ್ಟುಬಿಡಬೇಡಿ.

ಊರಲ್ಲಿ ನಾವು ಮೇಸ್ತ್ರಿಯನ್ನು ಪರಿಚಯದ ಮೇಲೆ ಗೊತ್ತು ಮಾಡುತ್ತೇವೆ, ಅದಕ್ಕೇ ದಾಖಲೆ ಕೇಳಲು ಸಂಕೋಚ. ಇಲ್ಲಿ ಒಳ್ಳೆಯ ಕಾಂಟ್ರಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಫ್ರೀಮಾಂಟ್_ಮನೆ
ಕೇಳಿದೆ. ಮೂವರೂ ನೌಕರರಲ್ಲ, ಸಬ್‌ಕಾಂಟ್ರಾಕ್ಟರ್‌ಗಳು ಅಂದರು. ಪರ್ಮಿಟ್ ನಾವೇ ಓನರ್-ಬಿಲ್ಡರ್ (ಕೆಲಸ ಮಾಡಿಸುವವರು ಮನೆಯ ಮಾಲೀಕರೇ) ಅಂತ ತೆಗೆದರೆ ಬೇಗ ಆಗುತ್ತದಂತೆ.

ಗಾರೆ_ಕೆಲಸ
ಹಾಗಾದರೆ ಮೂವರ ಲೈಸೆನ್ಸ್ ನಂಬರೂ ಬೇಕು. ಪ್ಲಂಬಿಂಗ್‌ಗೆ ಸಿ-36, ಎಲೆಕ್ಟ್ರಿಕಲ್‌ಗೆ ಸಿ-10 ವರ್ಗದ ಲೈಸೆನ್ಸ್. ಕೊಡದೆ ಸುಮ್ನೆ ಮಾತು ತಿರುಗಿಸಿದರೆ ಅಲ್ಲಿಗೆ ಬಿಡಿ. ಓನರ್-ಬಿಲ್ಡರ್ ಪರ್ಮಿಟ್‌ಗೆ ಖಂಡಿತ ಸಹಿ ಹಾಕಬೇಡಿ, ಕೆಲಸದ ಜವಾಬ್ದಾರಿಯೆಲ್ಲ ನಿಮ್ಮದೇ ಆಗುತ್ತದೆ.

ಸಬ್‌ಕಾಂಟ್ರಾಕ್ಟರ್ ಇದ್ದರೆ ಮೆಕ್ಯಾನಿಕ್ಸ್ ಲೀನ್ (ಬಾಕಿ ಹಣಕ್ಕಾಗಿ ಮನೆಯ ಮೇಲೆ ಹಾಕುವ ಹಕ್ಕು) ಭಯವೂ ಇದೆ. ನೀವು ಕಾಂಟ್ರಾಕ್ಟರ್‌ಗೆ ಪೂರ್ತಿ ಕೊಟ್ಟಿದ್ದರೂ ಅವರು ಪ್ಲಂಬರ್‌ಗೆ ಕೊಡದಿದ್ದರೆ ಆತ ನಿಮ್ಮ ಮನೆಯ ಮೇಲೆ ಲೀನ್ ಹಾಕಬಹುದು. ಆದ್ದರಿಂದ ಪ್ರತಿ ಕಂತು ಕೊಡುವಾಗಲೂ ಎಲ್ಲರಿಂದ ಲೀನ್ ರಿಲೀಸ್ (ಆ ಹಣಕ್ಕೆ ಲೀನ್ ಹಕ್ಕು ಬಿಟ್ಟುಕೊಟ್ಟ ಪತ್ರ) ಬರೆಸಿಕೊಳ್ಳಿ. ಇನ್ನೂ ಒಬ್ಬಿಬ್ಬರ ಹತ್ತಿರ ಕೊಟೇಶನ್ ತೆಗೆದುಕೊಳ್ಳಿ. ಈ ಕೆಲಸ ಒಂದು ತಿಂಗಳು ತಡವಾದರೆ ಏನೂ ಆಗುವುದಿಲ್ಲ.