ಹನ್ನೆರಡು ವರ್ಷ ನಿಂತಿದ್ದ ಎಂ35ಎ2 ಸೇನಾ ಲಾರಿ: ಬಿಡ್ ಹಾಕುವ ಮುನ್ನ ಏನು ನೋಡಬೇಕು?

ಪ್ರಶ್ನೆ

ಅಮೆರಿಕದ ಸೇನೆ ವಿಲೇವಾರಿ ಮಾಡಿದ ಎರಡೂವರೆ ಟನ್ನಿನ ಎಂ35ಎ2 ಲಾರಿಯೊಂದು ಹರಾಜಿಗೆ ಬಂದಿದೆ. ಹನ್ನೆರಡು ವರ್ಷ ಬಯಲಿನಲ್ಲಿ ನಿಂತಿತ್ತೆಂದು ವಿವರಣೆಯಲ್ಲೇ ಇದೆ. ಆದರೂ ಮಾರುವವರು ಬ್ಯಾಟರಿ ಹಾಕಿ ಡೀಸೆಲ್ ತುಂಬಿಸಿದರೆ ಸಾಕು ಎನ್ನುತ್ತಿದ್ದಾರೆ. ಮೀಟರ್ 18,000 ಮೈಲಿ ತೋರಿಸುತ್ತಿದೆ. ಸಾಮಾನ್ಯ ಲಾರಿಗಳ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಿದ ಅನುಭವ ನನಗಿದೆ, ಸೇನೆಯ ವಾಹನ ಮಾತ್ರ ಇದೇ ಮೊದಲು. ಪರಿಶೀಲನೆಗೆ ಒಂದು ದಿನ ಕೊಟ್ಟಿದ್ದಾರೆ. ಆ ದಿನವನ್ನು ಎಂಜಿನ್ನಿಗೇ ಮೀಸಲಿಡಬೇಕೇ, ಬೇರೆ ಕಡೆ ಗಮನ ಕೊಡಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಅರ್ಧ ದಿನವನ್ನಾದರೂ ಬ್ರೇಕಿಗೆ ಕೊಡಿ. ಗಾಳಿಯ ಟ್ಯಾಂಕ್, ಗಾಳಿಯ ಮೀಟರ್ ನೋಡಿದವರು ಇದನ್ನು ಈಗಿನ ಲಾರಿಗಳ ಏರ್ ಬ್ರೇಕ್ ಎಂದೇ ತಿಳಿದು, ಗಾಳಿ ಸೋರಿಹೋದರೆ ಬ್ರೇಕ್ ತಾನಾಗಿ ಹಿಡಿದುಕೊಳ್ಳುತ್ತದೆಂದು ನಂಬಿಬಿಡುತ್ತಾರೆ. ಇಲ್ಲಿ ಹಾಗಿಲ್ಲ. ಗಾಳಿ ಬರೀ ಸಹಾಯಕ. ಚಕ್ರದಲ್ಲಿ ಬ್ರೇಕ್ ಹಿಡಿಸುವುದು ಎಣ್ಣೆಯ ಒತ್ತಡ, ಅದೂ ಎಲ್ಲ ಚಕ್ರಗಳಿಗೂ ಸೇರಿ ಒಂದೇ ಮಾರ್ಗದಲ್ಲಿ. ಎಲ್ಲಿಯಾದರೂ ಒಂದು ರಬ್ಬರ್ ಹೋಸ್ ಒಡೆದರೆ ಪೆಡಲ್ ನೆಲಕ್ಕೆ ಇಳಿಯುತ್ತದೆ, ಆಮೇಲೆ ಉಳಿಯುವುದು ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಹಿಂದಿರುವ ಹ್ಯಾಂಡ್ ಬ್ರೇಕ್ ಮಾತ್ರ.

1980ರ ದಶಕದಿಂದ ಆ ಸೇನೆ ಬಳಸುತ್ತ ಬಂದದ್ದು ನೇರಳೆ ಬಣ್ಣದ ಸಿಲಿಕೋನ್ ಬ್ರೇಕ್ ಎಣ್ಣೆ. ಅದು ನೀರನ್ನು ಹೀರಿಕೊಳ್ಳುವುದಿಲ್ಲವಾದ್ದರಿಂದ ಒಳಸೇರಿದ ತೇವವೆಲ್ಲ ತಗ್ಗಿನಲ್ಲಿ ಹೋಗಿ ನಿಲ್ಲುತ್ತದೆ. ನನ್ನ ಲಾರಿಯ ಹಿಂದಿನ ವೀಲ್ ಸಿಲಿಂಡರ್ (ಎಣ್ಣೆಯ ಒತ್ತಡದಿಂದ ಚಕ್ರದಲ್ಲಿ ಬ್ರೇಕ್ ಹಿಡಿಸುವ ಭಾಗ) ಬಿಚ್ಚಿದಾಗ ಮೇಲೆ ತಿಳಿ ನೇರಳೆ ಎಣ್ಣೆ, ಅಡಿಯಲ್ಲಿ ಕಾಫಿ ಬಣ್ಣದ ನೀರು ಕಂಡಿತು. ಪಿಸ್ಟನ್ ಕಚ್ಚಿಕೊಂಡಿತ್ತು, ಒಳಗೋಡೆಯ ತುಕ್ಕಿನ ಗುಳಿಗಳು ಉಗುರಿಗೆ ತಾಗುತ್ತಿದ್ದವು. ಆರು ಸಿಲಿಂಡರ್‌ಗಳನ್ನೂ ಬದಲಿಸಿದೆ. ಈ ಎಣ್ಣೆಗೆ ಸಾಮಾನ್ಯ ಬ್ರೇಕ್ ಎಣ್ಣೆಯನ್ನು ಬೆರೆಸಲೇಬಾರದು.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಎಂಜಿನ್ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಇದರಲ್ಲಿರುವುದು ಎಲ್‌ಡಿಟಿ-465 ಆಗಿದ್ದರೆ, ಅದು 7.8 ಲೀಟರಿನ, ಡೀಸೆಲ್, ಸೀಮೆಎಣ್ಣೆ, ಅಗತ್ಯಬಿದ್ದರೆ ಪೆಟ್ರೋಲನ್ನೂ ಉರಿಸುವಂತೆ ಮಾಡಿದ ಎಂಜಿನ್. (ಹಾಗೆಂದು ಸಿಕ್ಕ ಎಣ್ಣೆಯನ್ನೆಲ್ಲ ಸುರಿದವರ ಪಂಪುಗಳನ್ನೂ ನೋಡಿದ್ದೇನೆ.) ವರ್ಷಗಟ್ಟಲೆ ನಿಂತಾಗ ಹಳೆಯ ಇಂಧನ ಅಂಟಾಗಿ, ಇಂಜೆಕ್ಷನ್ ಪಂಪಿನ ಒಳಭಾಗಗಳು ಪೂರ್ಣ ಇಂಧನ ಬಿಡುವ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೆ, ಸ್ಟಾರ್ಟ್ ಆದ ಎಂಜಿನ್ ಹಿಡಿತ ತಪ್ಪಿ ಏರುತ್ತಲೇ ಹೋಗುತ್ತದೆ. ನಿಲ್ಲಿಸುವ ಕೇಬಲ್ ಎಳೆಯುವುದೂ ಅದೇ ಪಂಪನ್ನಾದ್ದರಿಂದ ಆಗ ಅದು ಕೆಲಸಕ್ಕೆ ಬಾರದು. ಗಾಳಿ ತಡೆಯುವುದೊಂದೇ ದಾರಿ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಗಾಳಿ ಒಳಹೋಗುವ ಬಾಯಿಯ ಪಕ್ಕದಲ್ಲಿ ಪ್ಲೈವುಡ್ ಹಲಗೆ ಹಿಡಿದ ಒಬ್ಬರನ್ನು ನಿಲ್ಲಿಸಿಕೊಳ್ಳಿ. ಅಂಗೈ ಅಡ್ಡ ಇಡುವ ಸಾಹಸ ಬೇಡ.

ವಿದ್ಯುತ್ತು 24 ವೋಲ್ಟಿನದು, 12 ವೋಲ್ಟಿನ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಹಿಂದಿನ ಮಾಲೀಕರು 12 ವೋಲ್ಟಿನ ರೇಡಿಯೊಗೆಂದು ಒಂದೇ ಬ್ಯಾಟರಿಯಿಂದ ತಂತಿ ಎಳೆದಿದ್ದಾರೆಯೇ ನೋಡಿ. ಹಾಗಿದ್ದರೆ ಒಂದು ಸದಾ ಸೊರಗಿರುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ಕುದಿಯುತ್ತದೆ.

ಉತ್ತರ 3

18,000 ಮೈಲಿಯನ್ನು ನಂಬಬೇಡಿ. ಸೇನೆಯ ಕಾರ್ಯಾಗಾರದಲ್ಲಿ ಪೂರ್ತಿ ಬಿಚ್ಚಿ ಕಟ್ಟಿದ ಲಾರಿಗಳಿಗೆ ಇನ್ನೊಂದು ಫಲಕ ಹೊಡೆದಿರುತ್ತಾರೆ, ಅದನ್ನು ಹುಡುಕಿ. ನೋಂದಣಿಗೆ ಬೇಕಾದ ಎಸ್‌ಎಫ್ 97 ಪ್ರಮಾಣಪತ್ರ ಸಿಗುತ್ತದೆಯೇ ಎಂದು ಬಿಡ್‌ಗೆ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಕೆಲಸಕ್ಕೆ ಟಿಎಂ 9-2320-361-20 ಕೈಪಿಡಿ ಇಟ್ಟುಕೊಳ್ಳಿ. ಬಿಡಿಭಾಗವನ್ನು ಹೆಸರಿನಿಂದ ಹುಡುಕಬೇಡಿ, ಸೇನೆಯಲ್ಲಿ ಪ್ರತಿ ಭಾಗಕ್ಕೂ ಇರುವ 13 ಅಂಕಿಗಳ ದಾಸ್ತಾನು ಸಂಖ್ಯೆಯಿಂದ ಹುಡುಕಿ. 2530ರಿಂದ ಆರಂಭವಾದರೆ ಬ್ರೇಕ್, ಸ್ಟಿಯರಿಂಗ್, ಆಕ್ಸಲ್, ಚಕ್ರಗಳ ವರ್ಗ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಬೇಡಿ, ಆ ಧೂಳಿನಲ್ಲಿ ಕ್ರೋಮಿಯಂ, ಸೀಸ ಇರಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಹೋಗಿ ಬಂದೆ. ಎರಡನೆಯ ಫಲಕ ಸಿಕ್ಕಿತು, ಅಂದರೆ ಮೀಟರಿನ ಲೆಕ್ಕ ಬಹುಶಃ ಅಲ್ಲಿಂದ ಈಚಿನದು. ಬ್ಯಾಟರಿ ಪೆಟ್ಟಿಗೆ ತೆರೆದರೆ ಒಂದರಿಂದಲೇ ಹೊರಟ ಕೆಂಪು ತಂತಿಯೂ ಇತ್ತು. ಹಿಂದಿನ ಎರಡು ಡ್ರಮ್‌ಗಳ ಕೆಳಗೆ ಆಕ್ಸಲ್ ಎಣ್ಣೆ ಸೋರಿದ ಕಲೆಯಿದೆ, ಪೆಡಲ್ ಒತ್ತಿದರೆ ತಡೆಯೇ ಇಲ್ಲ. ಮಾರುವವರು ಓಡಿಸಿಕೊಂಡೇ ಹೋಗಬಹುದು ಎಂದರು. ಆರು ವೀಲ್ ಸಿಲಿಂಡರ್‌ಗಳನ್ನೂ ಎಲ್ಲ ಹೋಸ್‌ಗಳನ್ನೂ ಹೊಸದಾಗಿ ಹಾಕುವ ಖರ್ಚನ್ನು ಕಳೆದು ಬಿಡ್ ಬರೆದಿದ್ದೇನೆ. ಸಿಕ್ಕರೆ ಟ್ರೇಲರ್ ಮೇಲೇ ತರಿಸುತ್ತೇನೆ.