ಜಪಾನಿನ ಕೀಸುಳಿ ಎಳೆಯೋದು ಯಾಕೆ? ಕೊರಿಯಾದಲ್ಲೂ ಹಾಗೇನಾ?

ಬಾಗಿಲುವಾಡ:
ನಮ್ಮೂರ ಆಚಾರ್ರು ಕೀಸುಳಿಯನ್ನು ಮುಂದಕ್ಕೆ ತಳ್ಳೋದನ್ನೇ ನೋಡಿ ಬೆಳೆದವನು ನಾನು. ಮೊನ್ನೆ ಒಂದು ವಿಡಿಯೊದಲ್ಲಿ ಜಪಾನಿನ ಬಡಗಿಯೊಬ್ಬರು ಹಿಂದೆ ಹಿಂದೆ ನಡೆಯುತ್ತಾ ಅದನ್ನು ತಮ್ಮ ಕಡೆಗೆ ಎಳೆದರು. ಹಲಗೆಯಷ್ಟೇ ಉದ್ದದ ಹೆರೆ, ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ, ಎಲ್ಲೂ ಹರಿಯದೆ ಎದ್ದು ಬಂತು. ಗರಗಸವೂ ಎಳೆದಾಗಲೇ ಕೊಯ್ಯುತ್ತದಂತೆ. ಇದೆಲ್ಲ ಅಲ್ಲಿ ಸಾವಿರಾರು ವರ್ಷದಿಂದ ಇದೆ ಅಂತಾರೆ, ನಿಜವಾ? ಕೊರಿಯಾದವರೂ ಎಳೀತಾರಾ?

ಹಳೇಕಂಬ:
ಕೀಸುಳಿಯ ಮಟ್ಟಿಗೆ ಅದು ಸರಿಯಲ್ಲ. ಮರದ ದಿಂಡಿಗೆ ಅಲಗು ಕೂರಿಸಿದ ಈಗಿನ ಕೀಸುಳಿ (ಅವರು ಕನ್ನಾ ಅನ್ನೋದು) ಅಲ್ಲಿ ಬಳಕೆಗೆ ಬಂದದ್ದು ಮುರೊಮಾಚಿ ಕಾಲದಲ್ಲಿ, ಹೆಚ್ಚುಕಡಿಮೆ 500 ವರ್ಷದ ಹಿಂದೆ. ನಾರಾ ಸೀಮೆಯ ಹೋರ್ಯುಜಿ ದೇವಾಲಯಕ್ಕೆ ಸುಮಾರು 1300 ವರ್ಷ. ಜಗತ್ತಿನಲ್ಲಿ ಉಳಿದಿರುವ ಮರದ ಕಟ್ಟಡಗಳಲ್ಲೇ ಹಳೆಯದು ಅದು, ಆದರೆ ಕಟ್ಟಿದವರ ಹತ್ರ ಈ ಕೀಸುಳಿಯೂ ಇರಲಿಲ್ಲ, ದಿಮ್ಮಿಯನ್ನು ಉದ್ದಕ್ಕೆ ಸೀಳುವ ಗರಗಸವೂ ಇರಲಿಲ್ಲ. ಅದನ್ನು ಕಟ್ಟಿದ ಹಿನೊಕಿ (ಜಪಾನಿನ ಸೈಪ್ರೆಸ್) ಮರದ ಎಳೆ ನೇರ. ಬೆಣೆ ಹೊಡೆದು ಸೀಳಿ, ಬಾಚಿಯಲ್ಲಿ ಕೆತ್ತಿ, ಕೊನೆಗೆ ಯಾರಿಗನ್ನಾ ಅನ್ನುವ ಈಟಿಯಂಥ ಅಲಗಿನಲ್ಲಿ ಹೆರೆಯುತ್ತಿದ್ದರು. ಇಬ್ಬರು ಹಿಡಿಯುವ ಸೀಳುಗರಗಸ ಹೊರಗಿನಿಂದ ಬಂದ ಮೇಲೆ ಹಲಗೆ ಕೊಯ್ಯೋದು ಸುಲಭವಾಯಿತು, ಕೀಸುಳಿಗೂ ಕೆಲಸ ಬಂತು, ಯಾರಿಗನ್ನಾ ಮೂಲೆಗೆ ಬಿತ್ತು. ಅದಕ್ಕೆ ಮತ್ತೆ ಜೀವ ಕೊಟ್ಟವರು ಹೋರ್ಯುಜಿಯ ಬಡಗಿ ನಿಶಿಒಕಾ ತ್ಸುನೆಕಾಜು (1908–1995). ಯಾಕುಶಿಜಿ ದೇವಾಲಯವನ್ನು ಮತ್ತೆ ಕಟ್ಟುವಾಗ ಅದನ್ನೇ ಬಳಸಿದರು. ಅದು ಹೆರೆದ ಕಂಬ ಕನ್ನಡಿಯಂತೆ ಸಪಾಟಾಗಿರಲ್ಲ, ಚಮಚದಲ್ಲಿ ತೆಗೆದಂಥ ಸಣ್ಣ ಸಣ್ಣ ಗುಳಿಗಳು ಇರುತ್ತವೆ. ನನಗೆ ಅದೇ ಚೆಂದ.

ಚಿತ್ತಾರ:
ಕೊರಿಯಾದ ಹಳೆಯ ಕೀಸುಳಿ, ದೇಪೆ ಅಂತಾರೆ, ನಮ್ಮದರಂತೆ ತಳ್ಳುವಂಥದ್ದು. 18ನೇ ಶತಮಾನದ ಕಿಮ್ ಹೊಂಗ್‌ದೊ ಬರೆದ ಒಂದು ಚಿತ್ರದಲ್ಲಿ ಮನೆಗೆ ಹೆಂಚು ಹೊದಿಸುತ್ತಿದ್ದಾರೆ, ಕೆಳಗೆ ಒಬ್ಬ ಬಡಗಿ ಬಗ್ಗಿ ಹಲಗೆ ಹೆರೆಯುತ್ತಿದ್ದಾನೆ, ಹುಡುಕಿ ನೋಡಿ. 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆ ಇತ್ತಲ್ವಾ, ಆಗ ಅವರ ಸಾಮಾನು ಹರಡಿ ಎಳೆಯುವ ರೂಢಿ ಬಂತು. ಹುರಿ ತಿರುಚಿ ಅಲಗು ಬಿಗಿ ಮಾಡುವ ಚೌಕಟ್ಟಿನ ಗರಗಸವೂ ಹಿಂದೆ ಸರಿಯಿತು. ಒಂದು ದೇಶದ ಬಡಗಿಗಳು ತಲೆಮಾರಿನೊಳಗೆ ಕೈ ತಿರುಗಿಸಬೇಕಾಯಿತು ಅನ್ನೋದು ನನಗೆ ಸುಮ್ನೆ ಬಿಡೋ ವಿಷಯ ಅಲ್ಲ.

ಉಳಿಸದ್ದು:
ಗರಗಸದ್ದು ನಾನು ಹೇಳ್ತೀನಿ. ತಳ್ಳಿದರೆ ತೆಳು ತಗಡು ಬಾಗುತ್ತದೆ, ಎಳೆದರೆ ನೆಟ್ಟಗಾಗುತ್ತದೆ. ಅದಕ್ಕೇ ಅವರ ಅಲಗು ಅಷ್ಟು ತೆಳು. ನನ್ನ ಹತ್ರ ಒಂದಿದೆ, ಮೊದಲ ವಾರ ಅಭ್ಯಾಸಬಲದಿಂದ ತಳ್ಳಿ ಎರಡು ಹಲ್ಲು ಮುರಿದೆ. ಅಲಗಿನ ಕಥೆಯೂ ದೊಡ್ಡದು. ಉಳಿಯಲ್ಲೂ ಕೀಸುಳಿಯಲ್ಲೂ ಮೆದು ಕಬ್ಬಿಣಕ್ಕೆ ಗಟ್ಟಿ ಉಕ್ಕನ್ನು ಕಾಯಿಸಿ ಬೆಸೆಯುತ್ತಾರೆ. 1876ರಲ್ಲಿ ಕತ್ತಿ ಕಟ್ಟಿಕೊಂಡು ಓಡಾಡೋದನ್ನು ಸರ್ಕಾರ ನಿಷೇಧಿಸಿದಾಗ ಕತ್ತಿ ಮಾಡುವವರಿಗೆ ಕೆಲಸ ತಪ್ಪಿತು, ಕೆಲವರು ಬಡಗಿ ಸಾಮಾನಿಗೆ ಇಳಿದರು. ಕೀಸುಳಿ ಅಲಗಿಗೆ ಹೆಸರಾದ ಚಿಯೊಜುರು ಕೊರೆಹಿದೆ ಅಂಥ ಮನೆತನದವರೇ.

ಬಾಗಿಲುವಾಡ:
ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಗೆರೆ ಹೊಡೆಯೋಕೆ ನಮ್ಮವರು ಬಣ್ಣದ ನೂಲು ಮಿಡೀತಾರಲ್ಲ, ಅದೂ ಅಲ್ಲಿ ಇದೆಯಾ?

ಹಳೇಕಂಬ:
ಇದೆ, ಅಲ್ಲಿ ನೂಲನ್ನು ಮಸಿಯಲ್ಲಿ ಅದ್ದುತ್ತಾರೆ, ಆ ಮಸಿಕುಡಿಕೆಗೆ ಸುಮಿತ್ಸುಬೊ ಅಂತಾರೆ. ಕೊರಿಯಾದಲ್ಲೂ ಉಂಟು. ನಾರಾದ ತೋದೈಜಿ ದೇವಾಲಯದ ದಕ್ಷಿಣ ಮಹಾದ್ವಾರವನ್ನು 1199ರಲ್ಲಿ ಮತ್ತೆ ಎತ್ತಿ ನಿಲ್ಲಿಸಿದ್ದು. 1879ರಲ್ಲಿ ರಿಪೇರಿಗೆ ಹತ್ತಿದವರಿಗೆ ಮೇಲೆ ತೊಲೆಯ ಮೇಲೆ ಒಂದು ಹಳೆಯ ಮಸಿಕುಡಿಕೆ ಸಿಕ್ಕಿತು, ಯಾವನೋ ಬಡಗಿ ಮರೆತು ಇಳಿದುಹೋಗಿದ್ದ.