2018ರ ಗೇಮಿಂಗ್ ಪಿಸಿ: ಯಾವ ಪಾರ್ಟ್ ಬದಲಿಸಲಿ?

ಪ್ರಶ್ನೆ:
ಸರ್, ನಮಸ್ಕಾರ. 2018ರ ಕೊನೆಯಲ್ಲಿ, ಇಂಜಿನಿಯರಿಂಗ್ ಓದುವಾಗ ಅಪ್ಪನನ್ನು ಕಾಡಿ ಬೇಡಿ ಮಾಡಿಸಿಕೊಂಡ ಪಿಸಿ ಇದೆ. ರೈಝನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, ಜಿಟಿಎಕ್ಸ್ 1060 6 ಜಿಬಿ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್. ಮಾನಿಟರ್ 1080ಪಿ, 75 ಹರ್ಟ್ಜ್. ವ್ಯಾಲೊರಂಟ್ ಈಗಲೂ ಸಲೀಸಾಗಿ ಓಡುತ್ತದೆ. ಸೈಬರ್‌ಪಂಕ್ 2077 ಹಾಕಿದರೆ ಮಾತ್ರ 35 ಎಫ್‌ಪಿಎಸ್ (ಸೆಕೆಂಡಿಗೆ 35 ಚಿತ್ರ), ಅದೂ ಜರ್ಕ್ ಹೊಡೆದುಕೊಂಡು. ಒಂದು ಅಂಗಡಿಯಲ್ಲಿ ಕೇಳಿದೆ. "ಹಳೇದಾಯ್ತು, ಎಲ್ಲಾ ತೆಗೆದು ಹೊಸದು ಹಾಕಿಸಿ, 80 ಸಾವಿರ ಆಗುತ್ತೆ" ಅಂದರು. ನನ್ನ ಹತ್ತಿರ ಇರೋದು 30 ಸಾವಿರ. ಪ್ರೊಸೆಸರ್ ಬದಲಿಸಲಾ, ಗ್ರಾಫಿಕ್ಸ್ ಕಾರ್ಡ್ ಬದಲಿಸಲಾ?

ಉತ್ತರ:
ಗುಜರಿಗೆ ಹಾಕುವ ಮಷೀನ್ ಅಲ್ಲ ಇದು. ನಿಮ್ಮ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ ಎಎಂ4 ಸಾಕೆಟ್. 2022ರಲ್ಲಿ ಬಂದ ರೈಝನ್ 5 5600 ಕೂಡ ಅದರಲ್ಲೇ ಕೂರುತ್ತದೆ, ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ ಸಾಕು.

ಆದರೆ ಈಗಲೇ ಏನೂ ಕೊಳ್ಳಬೇಡಿ. ಮೊದಲು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ನೋಡೋಣ. ಎಂಎಸ್‌ಐ ಆಫ್ಟರ್‌ಬರ್ನರ್ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ. ಹಾಕಿಕೊಂಡು, ಆಡುವಾಗ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಬಳಕೆ, ಪ್ರೊಸೆಸರ್‌ನ ಒಂದೊಂದು ಕೋರ್‌ನ ಬಳಕೆ, ರ‍್ಯಾಮ್ ಇಷ್ಟನ್ನು ಪರದೆ ಮೇಲೆ ತೋರಿಸುವ ಹಾಗೆ ಮಾಡಿ. ಪ್ರೊಸೆಸರ್‌ನ ಒಟ್ಟು ಬಳಕೆ ನೋಡಿ ಮೋಸ ಹೋಗಬೇಡಿ. ಒಟ್ಟು 40 ಪರ್ಸೆಂಟ್ ತೋರಿಸುತ್ತಿರುತ್ತದೆ, ಒಳಗೆ ಒಂದು ಕೋರ್ ಮಾತ್ರ 100ರಲ್ಲಿ ಏದುಸಿರು ಬಿಡುತ್ತಿರುತ್ತದೆ.

ಆಮೇಲೆ ಅದೇ ಜಾಗದಲ್ಲಿ ರೆಸಲ್ಯೂಶನ್ 720ಪಿಗೆ ಇಳಿಸಿ. ಎಫ್‌ಪಿಎಸ್ ಜಾಸ್ತಿಯಾದರೆ ತಡೆಯುತ್ತಿರುವುದು ಕಾರ್ಡ್. ಅಲ್ಲಾಡದೆ ಹಾಗೇ ನಿಂತರೆ ಪ್ರೊಸೆಸರ್. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಸ್ಪೀಡ್ ಎಷ್ಟಿದೆ ಅಂತಲೂ ನೋಡಿ.

ಇನ್ನೊಂದು. ಎಲ್ಲಾ ಬರೆದಿದ್ದೀರಿ, ಪವರ್ ಸಪ್ಲೈ ಬಗ್ಗೆ ಒಂದಕ್ಷರ ಇಲ್ಲ. ನನ್ನ ಅಂಗಡಿಗೆ ಬರುವವರೂ ಹೀಗೇ, ಅದೊಂದು ಪಾರ್ಟ್ ಅಂತಲೇ ಲೆಕ್ಕಕ್ಕಿಡುವುದಿಲ್ಲ. ಪ್ಲಗ್ ತೆಗೆದು, ಸೈಡ್ ಪ್ಯಾನೆಲ್ ಬಿಚ್ಚಿ, ಅದರ ಸ್ಟಿಕ್ಕರ್ ಓದಿ ಹೇಳಿ. 12 ವೋಲ್ಟ್ ಎದುರು ಎಷ್ಟು ಆಂಪ್ ಅಂತ ಬರೆದಿದೆ?

ಪ್ರಶ್ನೆ ಕೇಳಿದವರು:
ನೋಡಿದೆ ಸರ್. ಸೈಬರ್‌ಪಂಕ್‌ನಲ್ಲಿ ಕಾರ್ಡ್ ಸದಾ 98-99 ಪರ್ಸೆಂಟ್. ಜನಜಂಗುಳಿ ಇರುವ ಮಾರ್ಕೆಟ್‌ಗೆ ಹೋದರೆ ಮಾತ್ರ 75ಕ್ಕೆ ಇಳಿಯುತ್ತದೆ, ಜರ್ಕ್ ಹೊಡೆಯೋದೂ ಅಲ್ಲೇ. ರ‍್ಯಾಮ್ 7.6 ಜಿಬಿ ತುಂಬಿರುತ್ತದೆ. 720ಪಿಗೆ ಇಳಿಸಿದಾಗ 35 ಇದ್ದದ್ದು 57 ಆಯಿತು. ರ‍್ಯಾಮ್ ಸ್ಟಿಕ್ ಮೇಲೆ 3000 ಅಂತಿದೆ, ಟಾಸ್ಕ್ ಮ್ಯಾನೇಜರ್ 2133 ತೋರಿಸುತ್ತಿದೆ! ಪವರ್ ಸಪ್ಲೈ ಕ್ಯಾಬಿನೆಟ್ ಜೊತೆಗೇ ಬಂದದ್ದು. 450 ವ್ಯಾಟ್ ಅಂತ ದೊಡ್ಡದಾಗಿ ಇದೆ, 12 ವೋಲ್ಟ್ ಎದುರು 20 ಆಂಪ್. ಕಾರ್ಡ್‌ಗೆ ಒಂದು ಕನ್ವರ್ಟರ್ ವೈರ್ ಹಾಕಿ ಕೊಟ್ಟಿದ್ದಾರೆ.

ಉತ್ತರ:
ಆ ಕನ್ವರ್ಟರ್ ವೈರ್ ಓದಿ ನನಗೇ ಸ್ವಲ್ಪ ಬೆವರು ಬಂತು. ಕಾರ್ಡ್‌ಗೆ ಬೇಕಾದ ಕನೆಕ್ಟರ್ ಆ ಸಪ್ಲೈಯಲ್ಲೇ ಇಲ್ಲ ಅಂತಾಯಿತು.

ಲೆಕ್ಕ ಹಾಕಿ. 12 ವೋಲ್ಟ್ ಗುಣಿಸು 20 ಆಂಪ್, 240 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ಕುಡಿಯುವುದು ಈ 12 ವೋಲ್ಟ್ ಲೈನಿನಿಂದಲೇ. ಅಂದರೆ 450 ಅನ್ನೋದು ಸ್ಟಿಕ್ಕರ್ ಮೇಲಿನ ಮಾತು, ನಿಮ್ಮ ಉಪಯೋಗಕ್ಕೆ ಬರುವುದು 240. ಅದೂ ಹೊಸದಿದ್ದಾಗ. ಮೊದಲು ಬದಲಾಗಬೇಕಾದದ್ದು ಇದು. ಎಫ್‌ಪಿಎಸ್ ಒಂದೂ ಹೆಚ್ಚಾಗುವುದಿಲ್ಲ, ದುಡ್ಡು ಹಾಕಲು ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಇಂಥದ್ದು ಸುಟ್ಟುಹೋಗುವಾಗ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದನ್ನು ನೋಡಿದ್ದೇನೆ. 5 ವರ್ಷ ವಾರಂಟಿ ಇರುವ, 80 ಪ್ಲಸ್ ಬ್ರಾಂಜ್ ದಕ್ಷತಾ ಗುರುತಿನ 550 ವ್ಯಾಟ್ ಒಂದನ್ನು ತೆಗೆದುಕೊಳ್ಳಿ. ಹಳೇ ಕೇಬಲ್‌ಗಳನ್ನು ಅದಕ್ಕೆ ಸಿಕ್ಕಿಸಬೇಡಿ.

ರ‍್ಯಾಮ್ ವಿಷಯಕ್ಕೆ ಬಂದರೆ, ಇಷ್ಟು ವರ್ಷ ಅದನ್ನು ಕಟ್ಟಿಹಾಕಿ ಓಡಿಸಿದ್ದೀರಿ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ (ರ‍್ಯಾಮ್ ಅನ್ನು ಅದರ ಪೂರ್ತಿ ಸ್ಪೀಡ್‌ನಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ, 3000ಕ್ಕೆ ಹೋಗುತ್ತದೆ. ಖರ್ಚು ಸೊನ್ನೆ. ಇಂಥದ್ದೇ ಇನ್ನೊಂದು 8 ಜಿಬಿ ಸ್ಟಿಕ್ ಸೇರಿಸಿ. ನಿಮ್ಮದು ನಾಲ್ಕು ಸ್ಲಾಟ್ ಬೋರ್ಡ್ ಆಗಿದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದಕ್ಕೂ ನಾಲ್ಕನೇದಕ್ಕೂ ಹಾಕಬೇಕು, ಆಗ ಡ್ಯುಯಲ್ ಚಾನೆಲ್‌ನಲ್ಲಿ, ಅಂದರೆ ಎರಡೂ ಸ್ಟಿಕ್ ಜೋಡಿಯಾಗಿ ಓಡುತ್ತದೆ. ರೈಝನ್‌ಗೆ ಇದರಿಂದ ಚೆನ್ನಾಗಿಯೇ ಅನುಕೂಲ. ಮಾರ್ಕೆಟ್‌ನ ಜರ್ಕ್ ಬಹುಪಾಲು ಇಲ್ಲೇ ಕಳೆಯುತ್ತದೆ ಅಂತ ನನ್ನ ಅಂದಾಜು. ರ‍್ಯಾಮ್ ತುಂಬಿದಾಗ ವಿಂಡೋಸ್ ಹಾರ್ಡ್ ಡಿಸ್ಕ್‌ಗೆ ಓಡುತ್ತದೆ, ಅದೋ ತಿರುಗುವ ತಟ್ಟೆ. ಹಾಗಾಗಿ 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿಯೂ (ತಿರುಗುವ ಭಾಗವಿಲ್ಲದ ವೇಗದ ಡ್ರೈವ್) ಬೇಕು. ಬೇಜಾರಿನ ಸಂಗತಿ ಅಂದರೆ 2025ರ ಕೊನೆಯಿಂದ ರ‍್ಯಾಮ್ ರೇಟ್ ವಿಪರೀತ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಹೋಗುತ್ತಿದೆ, ಬಿಸಿ ನಮಗೆ. ಸೆಕೆಂಡ್ ಹ್ಯಾಂಡ್ ಸ್ಟಿಕ್ ಸಿಕ್ಕರೆ ಧೈರ್ಯವಾಗಿ ತೆಗೆದುಕೊಳ್ಳಿ, ಅದರಲ್ಲಿ ಸವೆಯುವಂಥದ್ದು ಏನೂ ಇಲ್ಲ.

ಇನ್ನು ಕಾರ್ಡ್. 720ಪಿಯಲ್ಲಿ ಎಫ್‌ಪಿಎಸ್ ಏರಿತಲ್ಲ, ಮುಖ್ಯವಾಗಿ ತಡೆಯುತ್ತಿರುವುದು ಇದೇ. 1060 ಬಂದದ್ದು 2016ರಲ್ಲಿ. ಹೊಸ ಗೇಮ್‌ಗಳಿಗಾಗಿ ಎನ್ವಿಡಿಯಾ ಇದಕ್ಕೆ ಡ್ರೈವರ್ ಕೊಡುವುದು 2025ರ ಅಕ್ಟೋಬರ್‌ಗೆ ಮುಗಿಯಿತು, ಇನ್ನು 2028ರವರೆಗೆ ಬರೀ ಸೆಕ್ಯೂರಿಟಿ ಅಪ್‌ಡೇಟ್. ನಿಮ್ಮ ಬಜೆಟ್‌ಗೆ ಆರ್‌ಎಕ್ಸ್ 6600 ನೋಡಿ. 8 ಜಿಬಿ, 132 ವ್ಯಾಟ್, ಒಂದೇ 8 ಪಿನ್ ಕನೆಕ್ಟರ್. ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗಕ್ಕೆ ಸಿಗುತ್ತದೆ ಅಂತ ಹೋಗಬೇಡಿ. ಅದು ಬೋರ್ಡಿನ ಜೊತೆ ಡೇಟಾ ಸಾಗಿಸಲು ಬರೀ ನಾಲ್ಕು ಪಿಸಿಐ ಲೇನ್ (ದಾರಿ) ಬಳಸುತ್ತದೆ, ನಿಮ್ಮ ಹಳೇ ಬೋರ್ಡ್‌ನ ಪಿಸಿಐ 3ರಲ್ಲಿ ಕುಂಟುತ್ತದೆ. ಇಂಟೆಲ್‌ನ ಆರ್ಕ್ ಕಾರ್ಡ್ ಕೂಡ 2600 ಜೊತೆಗೆ ಬೇಡ. ರೀಸೈಝಬಲ್ ಬಾರ್ (ಕಾರ್ಡ್‌ನ ಮೆಮೊರಿಯನ್ನು ಪ್ರೊಸೆಸರ್ ಪೂರ್ತಿಯಾಗಿ ಒಮ್ಮೆಲೇ ಬಳಸುವ ಸೌಲಭ್ಯ) ಇಲ್ಲದಿದ್ದರೆ ಅದು ಸೊರಗುತ್ತದೆ.

30 ಸಾವಿರಕ್ಕೆ ಇಷ್ಟೂ ಹೊಂದದಿದ್ದರೆ ಕಾರ್ಡನ್ನು ಎರಡು ತಿಂಗಳು ಮುಂದಕ್ಕೆ ಹಾಕಿ. ಪವರ್ ಸಪ್ಲೈಯನ್ನಲ್ಲ.

ಇನ್ನೊಬ್ಬ ಸದಸ್ಯರು:
ಅಣ್ಣಾ, ನಂದು ಐ5 4460, ಡಿಡಿಆರ್3 ರ‍್ಯಾಮ್, ಜಿಟಿಎಕ್ಸ್ 750 ಟಿಐ. ನಾನೂ 6600 ಹಾಕಲಾ?

ಉತ್ತರ:
ಬೇಡ ತಮ್ಮಾ. ಒಟ್ಟಿಗೆ ನಾಲ್ಕೇ ಕೆಲಸ (ಥ್ರೆಡ್) ಮಾಡುವ ಪ್ರೊಸೆಸರ್ ಅದು, ಕಾರ್ಡ್ ಅರ್ಧ ಹೊತ್ತು ಕೈಕಟ್ಟಿ ಕೂರುತ್ತೆ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, 11 ಬೇಕಂದರೆ ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಇಂಟೆಲ್ 8ನೇ ಜನರೇಷನ್ ಇರಬೇಕು. ಅದನ್ನ ಮನೆ ಕೆಲಸಕ್ಕೆ ಇಟ್ಟುಕೋ, ಬೇಕಿದ್ದರೆ ಒಂದು ಸಾಟಾ ಎಸ್‌ಎಸ್‌ಡಿ ಹಾಕು. ಉಳಿದ ದುಡ್ಡು ಕೂಡಿಡು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಮುಂದಿನ ವರ್ಷ ಬೋನಸ್ ಬಂದರೆ 5600 ಹಾಕಿಕೊಳ್ಳೋಣ ಅಂತಿದ್ದೇನೆ. ಮನೆಯಲ್ಲೇ ಮಾಡಬಹುದಾ?

ಉತ್ತರ:
ಮಾಡಬಹುದು. ಆಗಲೂ ಒಮ್ಮೆ ಅಳೆದು ನೋಡಿ, ಬೇಕೇ ಆಗದಿರಬಹುದು. ಬೇಕಾದರೆ, ಹಳೇ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ. ಕರೆಂಟ್ ಹೋಗುವ ಹೊತ್ತಿನಲ್ಲಿ ಬೇಡ, ಯುಪಿಎಸ್ ಇದ್ದರೆ ಅದಕ್ಕೆ ಸಿಕ್ಕಿಸಿ. ಬಿಟ್‌ಲಾಕರ್ (ವಿಂಡೋಸ್‌ನ ಡ್ರೈವ್ ಬೀಗ) ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಪ್ರೊಸೆಸರ್ ಬದಲಾದಾಗ ಅದು ಕೇಳುತ್ತದೆ.

ಕೂಲರ್ ಬಿಚ್ಚುವ ಮುಂಚೆ ಹತ್ತು ನಿಮಿಷ ಗೇಮ್ ಆಡಿ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವಿನ ಪೇಸ್ಟ್ ಬೆಚ್ಚಗಾಗಿ ಸಡಿಲವಾಗುತ್ತದೆ. ಆಮೇಲೆ ಪಿಸಿ ಆಫ್ ಮಾಡಿ, ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುವಿ. ಸೀದಾ ಮೇಲಕ್ಕೆ ಎಳೆದರೆ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡು ಸಾಕೆಟ್‌ನಿಂದಲೇ ಕಿತ್ತು ಬರುತ್ತದೆ. ಎಎಂ4ರಲ್ಲಿ ಪಿನ್ ಇರುವುದು ಪ್ರೊಸೆಸರ್‌ನಲ್ಲಿ. ಬಾಗಿದರೆ ನನ್ನ ಹತ್ತಿರ ತನ್ನಿ, ಸೂಜಿ ಹಿಡಿದು ನೆಟ್ಟಗೆ ಮಾಡಿಕೊಡುತ್ತೇನೆ. ಮುರಿದರೆ ನಾನೂ ಏನೂ ಮಾಡಲಾರೆ.